ಪರಭಾಷೆಯ ಧ್ವನಿಶಬ್ದಗಳನ್ನು ಉಚ್ಚರಿಸುವುದು ಹೇಗೆ?

ಭಟ್ಕಳ, ಹೊನ್ನಾವರ, ಕುಮಟಾ: ಉತ್ತರ ಕನ್ನಡದ ಕರಾವಳಿಯಲ್ಲಿ ಒಂದರ ಮುಂದೊಂದು ಇರುವ ಈ ಮೂರು ಊರುಗಳ ಹೆಸರನ್ನು ಪರದೇಶದವರು ಹೇಗೆ ಉಚ್ಚರಿಸಿದರೆಂಬುದು ಸ್ವಾರಸ್ಯವಾದ ಸಂಗತಿ. ಹದಿನಾಲ್ಕನೆಯ ಶತಮಾನದಲ್ಲಿ ಇತ್ತ ಬಂದಿದ್ದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ಹೊನ್ನಾವರವನ್ನು ಹಿನೌರ್ ಎಂದು ಬರೆದನು. ಎರಡು ಶತಮಾನಗಳ ತರುವಾಯ ಪೋರ್ಚುಗೀಸರು ಅದನ್ನೇ ಓನೋರ್ ಎಂದರು. ಅವರ ಭಾಷೆಯಲ್ಲಿ ಪದದ ಮೊದಲಿನ ಹಕಾರಕ್ಕೆ ಉಚ್ಚಾರವಿಲ್ಲ. ಭಟ್ಕಳವು ಅವರ ಬಾಯಲ್ಲಿ ಬಟೆಕಲಾ ಆಯಿತು; ಭಕಾರದ ಮಹಾಪ್ರಾಣವೂ ಹೋಯಿತು, ನಮ್ಮ ಳಕಾರವೂ ಹೋಯಿತು. ಇಂಗ್ಲಿಷರು ಕುಮಟೆಯನ್ನು ಕೂಂಪ್ಟಾ ಎಂದು ಬರೆದರು. ಧಾರವಾಡದ ಕಡೆಯಿಂದ ಘಟ್ಟವಿಳಿದು ಈ ಬಂದರಿನ ಮೂಲಕ ಮುಂಬಯಿಗೆ ಸಾಗುತ್ತಿದ್ದ ಹತ್ತಿಗೂ ಪೇಟೆಯಲ್ಲಿ ಅಂತಹುದೇ ಹೆಸರು ನಿಂತಿತು. ಇಲ್ಲದ ಪಕಾರ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಮಕಾರಕ್ಕಾಗಿ ಮುಚ್ಚಿದ ತುಟಿಗಳು ತೆರೆಯುವ ಮೊದಲೇ ಮೂಗಿನ ದಾರಿ ಮುಚ್ಚಿಕೊಂಡರೆ ನಡುವೆ ಒಂದು ಕ್ಷಣ ಪಕಾರ ತಾನಾಗಿ ಹುಟ್ಟುತ್ತದೆ. ಇದು ನಾಲಗೆಯ ಅಜ್ಞಾನವಲ್ಲ. ಬಾಯಿಯೆಂಬ ಯಂತ್ರದ ಕೆಲಸ.

ಹೆಸರು ಹೀಗೆ ಬದಲಾದುದರಿಂದ ಕುಮಟೆಯ ಹತ್ತಿಯ ಎಳೆ ಗಿಡ್ಡವಾಗಲಿಲ್ಲ. ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಸೇರುವುದನ್ನೂ ಬಿಡಲಿಲ್ಲ. ಪರರ ಹೆಸರುಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವುದು ಎಲ್ಲ ಭಾಷೆಯವರೂ ಮಾಡುತ್ತ ಬಂದ ಕೆಲಸ. ಹೀಗಿರುವಾಗ ನಮ್ಮ ವಿದ್ಯಾರ್ಥಿಯೊಬ್ಬನು ಪರಭಾಷೆಯ ವೈಜ್ಞಾನಿಕ ಶಬ್ದವೊಂದನ್ನು ತಪ್ಪಾಗಿ ಉಚ್ಚರಿಸಿದೊಡನೆ ತರಗತಿಯೆಲ್ಲ ನಗುವುದೇಕೆ? ಈ ಪ್ರಶ್ನೆಯನ್ನು ಇಂದು ನಾವು ವಾಚಕರ ಮುಂದಿಡಲು ಕಾರಣವಾದ ಘಟನೆಯನ್ನು ಮೊದಲು ಹೇಳಿಬಿಡುವುದು ಲೇಸು. ಏಕೆಂದರೆ ಅದರಲ್ಲಿ ತಪ್ಪು ನಮ್ಮದೇ.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯಲ್ಲಿ ಧ್ವನಿವಿಜ್ಞಾನದ ಪಾಠ ನಡೆದಿದ್ದಿತು. ಒಂದೇ ಶ್ರುತಿಯಲ್ಲಿ, ಒಂದೇ ಗಟ್ಟಿಯಾಗಿ ನುಡಿಸಿದರೂ ಕೊಳಲನ್ನೂ ಹಾರ್ಮೋನಿಯಮ್ಮನ್ನೂ ಕಿವಿಯು ಬೇರೆ ಬೇರೆಯೆಂದು ಗುರುತಿಸುವುದು ಹೇಗೆ ಎಂದು ನಾವು ಕೇಳಿದೆವು. ಹಿಂದಿನ ಬೆಂಚಿನಿಂದ ಹುಡುಗನೊಬ್ಬನು ಎದ್ದು, “ಅದರ ಟಿಂಬರಿನಿಂದ ಸರ್” ಎಂದನು. ಉತ್ತರ ಸರಿಯಾಗಿಯೇ ಇತ್ತು. ಆದರೆ ನಮ್ಮ ಜಿಲ್ಲೆ ಕಾಡಿನ ಜಿಲ್ಲೆ. ಟಿಂಬರ್ ಎಂದರೆ ಇಲ್ಲಿ ಎಲ್ಲರಿಗೂ ನೆನಪಾಗುವುದು ಅರಣ್ಯ ಇಲಾಖೆಯ ನಾಟಾ ಡಿಪೋ. ತರಗತಿ ಗೊಳ್ಳೆಂದಿತು. “ಸಾಗವಾನಿಯದೋ, ಮತ್ತಿಯದೋ?” ಎಂದು ನಾವೂ ನಕ್ಕೆವು. ಹುಡುಗನು ಕುಳಿತುಕೊಂಡನು. ಆ ವರ್ಷ ಮುಗಿಯುವವರೆಗೆ ಅವನು ಮತ್ತೊಮ್ಮೆ ಎದ್ದು ಉತ್ತರ ಹೇಳಲಿಲ್ಲ. ಸಂದೇಹವನ್ನು ಕೇಳಲೂ ಇಲ್ಲ. ಪುಸ್ತಕವನ್ನು ತಾನಾಗಿ ಓದಿಕೊಂಡು ಬಂದವನು ಮಾತ್ರವೇ ಮಾಡಬಹುದಾದ ತಪ್ಪು ಅದು ಎಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಆ ಶಬ್ದವನ್ನು ಅವನು ಯಾರ ಬಾಯಿಂದಲೂ ಕೇಳಿರಲಿಲ್ಲ. ಅಕ್ಷರಗಳನ್ನು ನೋಡಿ ಊಹಿಸಿದ್ದನು.

ಆ ಬಳಿಕ ನಿಘಂಟುಗಳನ್ನು ತೆರೆದು ನೋಡಿದೆವು. ಶಬ್ದವು ಫ್ರೆಂಚ್ ಭಾಷೆಯದು. ಅಲ್ಲಿ ಅದನ್ನು ಮೂಗಿನಿಂದ ಹೊರಡುವ ಸ್ವರದೊಡನೆ, ಸುಮಾರಾಗಿ ತ್ಯಾಂಬ್ರ್ ಎಂಬಂತೆ ನುಡಿಯುತ್ತಾರೆ. ಇಂಗ್ಲಿಷರು ಅದನ್ನು ಟ್ಯಾಂಬರ್ ಎಂದು ಮಾಡಿಕೊಂಡಿದ್ದಾರೆ. ಫ್ರೆಂಚರಿಗಾದರೂ ಅದು ಸ್ವಂತದ್ದಲ್ಲ. ಭೇರಿ ಎಂಬರ್ಥದ ಗ್ರೀಕ್ ಶಬ್ದ ತುಂಪನಾನ್ ಅದರ ಮೂಲ. ಇಷ್ಟೇ ಆಗಿದ್ದರೆ ನಮ್ಮ ಮನಸ್ಸಿಗೆ ಕೊಂಚ ಸಮಾಧಾನವಾಗುತ್ತಿತ್ತು. ಆದರೆ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಟ್ಯಾಂಬರ್ ಎಂಬುದರ ಪಕ್ಕದಲ್ಲೇ ಟಿಂಬರ್ ಎಂಬ ಉಚ್ಚಾರವನ್ನೂ ಕೊಟ್ಟಿದೆ! ನಾವು ಯಾವುದನ್ನು ಕೇಳಿ ನಕ್ಕೆವೋ ಅದನ್ನು ಇಂಗ್ಲಿಷ್ ಆಡುವವರಲ್ಲೇ ಅನೇಕರು ನುಡಿಯುತ್ತಾರೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಾವು ‘ಸರಿಯಾದ ಉಚ್ಚಾರ’ ಎಂದು ಹೇಳುವಾಗ ಬಹುಮಟ್ಟಿಗೆ ಇಂಗ್ಲಿಷರ ಉಚ್ಚಾರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಆದರೆ ಧ್ವನಿವಿಜ್ಞಾನದ ಶಬ್ದಭಂಡಾರದಲ್ಲಿ ಇಂಗ್ಲಿಷರ ಸ್ವಂತದ್ದು ಎಷ್ಟು? ಆವೃತ್ತಿಯ ಮಾನಕ್ಕೆ ಹೆಸರು ಕೊಟ್ಟ ಹೈನ್ರಿಖ್ ಹರ್ಟ್ಸ್ (1857–1894) ಜರ್ಮನ್; ಪರಿಣಾಮವೊಂದಕ್ಕೆ ಹೆಸರು ಕೊಟ್ಟ ಕ್ರಿಶ್ಚಿಯನ್ ಡೊಪ್ಲರ್ ಆಸ್ಟ್ರಿಯಾದವನು; ಎಂತಹ ಜಟಿಲ ಧ್ವನಿತರಂಗವನ್ನೂ ಸರಳ ತರಂಗಗಳಾಗಿ ಬಿಡಿಸುವ ಗಣಿತವನ್ನು ಕೊಟ್ಟ ಫೂರ್ಯೇ (1768–1830) ಫ್ರೆಂಚನು. ಆಡಿಯೋ ಎಂಬುದು ಲ್ಯಾಟಿನ್ ಭಾಷೆಯಲ್ಲಿ ‘ನಾನು ಕೇಳುತ್ತೇನೆ’ ಎಂಬರ್ಥದ ಕ್ರಿಯಾಪದ. ಮೈಕ್ರೋಫೋನಿನ ಎರಡು ತುಂಡುಗಳೂ ಗ್ರೀಕ್: ಮೊದಲನೆಯದಕ್ಕೆ ಸಣ್ಣದು, ಎರಡನೆಯದಕ್ಕೆ ದನಿ ಎಂದು ಅರ್ಥ. ಸ್ಟೀರಿಯೋ ಸಹ ಗ್ರೀಕ್. ‘ಘನವಾದುದು’ ಎಂದು ಅರ್ಥ. ಅದನ್ನು ಇಂಗ್ಲಿಷ್ ಆಡುವವರಲ್ಲೇ ಕೆಲವರು ಸ್ಟೀರಿಯೋ ಎಂದರೆ ಕೆಲವರು ಸ್ಟೆರಿಯೋ ಎನ್ನುತ್ತಾರೆ. ಸಾಲ ತಂದವರ ಬಾಗಿಲಲ್ಲಿ ನಿಂತು ನಾವು ಮತ್ತೆ ಸಾಲ ತರುತ್ತಿದ್ದೇವೆ. ಆ ಸಾಲದ ನಾಣ್ಯವನ್ನೇ ಮೂಲ ಟಂಕಸಾಲೆಯದೆಂದು ನಂಬಿದ್ದೇವೆ.

ಇಂಗ್ಲಿಷಿನ ಮೂಲಕ ಬರುವಾಗ ಕೆಲವು ಹೆಸರುಗಳು ಅನಾವಶ್ಯಕವಾಗಿ ಕೆಟ್ಟಿರುವುದೂ ಉಂಟು. ಡೊಪ್ಲರನ ಹೆಸರನ್ನು ನಾವು ಬಹಳ ಕಾಲದಿಂದ ಡಾಪ್ಲರ್ ಎಂದು ಬರೆಯುತ್ತಿದ್ದೇವೆ. ಜರ್ಮನ್ ಭಾಷೆಯಲ್ಲಿ ಅಲ್ಲಿರುವುದು ಹ್ರಸ್ವ ಒಕಾರ. ಕನ್ನಡದಲ್ಲಿ ಹ್ರಸ್ವ ಒಕಾರ ಇಲ್ಲವೆ? ‘ಒಂದು’, ‘ಕೊಡ’, ‘ದೊಣ್ಣೆ’ ಎನ್ನುವ ನಮಗೆ ‘ಡೊ’ ಎನ್ನುವುದು ಕಷ್ಟವೆ? ದೇವನಾಗರಿಯನ್ನು ಬಳಸುವ ಹಿಂದಿಗೆ ಇಲ್ಲದ ಸೌಕರ್ಯ ನಮಗಿದೆ. ಆದರೂ ಅದನ್ನು ಬಿಟ್ಟು ಇಂಗ್ಲಿಷಿನ ಆಕಾರವನ್ನು ಹಿಡಿದಿದ್ದೇವೆ. ಓಮ್ ಎಂಬ ಹೆಸರಿನ ದೀರ್ಘ ಓಕಾರವೂ ಹಾಗೆಯೇ. ಇಂಗ್ಲಿಷರು ಅದನ್ನು ಎರಡು ಸ್ವರಗಳಾಗಿ ಒಡೆಯುತ್ತಾರೆ; ಕನ್ನಡಿಗನು ಸಹಜವಾಗಿ ನುಡಿದರೆ ಜರ್ಮನ್ ಉಚ್ಚಾರಕ್ಕೇ ಹತ್ತಿರವಾಗುತ್ತದೆ.

ನಮ್ಮ ಕರಾವಳಿಯ ತರಗತಿಗಳಲ್ಲಿ ಇನ್ನೂ ಒಂದು ಸೌಭಾಗ್ಯವುಂಟು. ಒಂದೇ ಬೆಂಚಿನಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು, ಮರಾಠಿಗಳನ್ನಾಡುವ ಮನೆಗಳ ಮಕ್ಕಳು ಕುಳಿತಿರುತ್ತಾರೆ. ಪ್ರತಿಯೊಬ್ಬನ ಬಾಯಲ್ಲೂ ಮನೆಯಿಂದ ಬಂದ ಒಂದೊಂದು ಸಲಕರಣೆ ಇದೆ. ಹರ್ಟ್ಸ್ ಎಂಬ ಹೆಸರಿನ ಕೊನೆಯಲ್ಲಿ ಜರ್ಮನರು ನುಡಿಯುವುದು ತಕಾರ ಸಕಾರಗಳು ಕೂಡಿದ ಧ್ವನಿಯನ್ನು. ಅದು ಕೊಂಕಣಿ ಮರಾಠಿಗಳಲ್ಲಿ ದಿನಬಳಕೆಯದು. ಶಬ್ದದ ವೇಗಕ್ಕೆ ಹೋಲಿಸಿ ವಿಮಾನಗಳ ವೇಗವನ್ನು ಹೇಳುವಾಗ ನಾವು ಮ್ಯಾಕ್ ಸಂಖ್ಯೆ ಎನ್ನುತ್ತೇವೆ. ಎರ್ನ್‌ಸ್ಟ್ ಮಾಖ್ (1838–1916) ಎಂಬವನ ಹೆಸರಿನ ಕೊನೆಯ ವ್ಯಂಜನವು ಗಂಟಲಿನ ಕಡೆಯಿಂದ ಉಜ್ಜಿಕೊಂಡು ಬರುವಂತಹುದು. ಇಂಗ್ಲಿಷರಿಗೆ ಅದು ಬಾರದುದರಿಂದಲೇ ಕಕಾರವಾಯಿತು. ಭಟ್ಕಳದ ನವಾಯತಿ ಮನೆಯ ಹುಡುಗಿ ‘ಖಬರ್’ ಎನ್ನುವಾಗ ನುಡಿಯುವ ಮೊದಲ ಧ್ವನಿ ಅದೇ ಆಗಿದೆ. ಫ್ರೆಂಚಿನ ಅನುನಾಸಿಕ ಸ್ವರವು ಕೊಂಕಣಿಯಾಡುವ ಹೊನ್ನಾವರದ ಹುಡುಗನಿಗೆ ಹೊಸತಲ್ಲ. ವಿದೇಶದ ಭಾಷಾತರಗತಿಗಳಲ್ಲಿ ಹಣ ತೆತ್ತು ಕಲಿಯುವ ಧ್ವನಿಗಳು ಇಲ್ಲಿ ಅಡಿಗೆಮನೆಯಲ್ಲಿ ದೊರೆಯುತ್ತವೆ. ಆದರೆ ಈ ಮಕ್ಕಳು ತಮ್ಮ ಮನೆಯ ದನಿಯನ್ನು ಕಾಲೇಜಿನ ಬಾಗಿಲಲ್ಲಿ ಕಳಚಿಟ್ಟು ಬರಬೇಕೆಂಬಂತೆ ನಾವು ನಡೆದುಕೊಳ್ಳುತ್ತೇವೆ.

ಇನ್ನು ಫೋನ್ ಎಂಬ ಶಬ್ದವನ್ನು ನೋಡೋಣ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಕನ್ನಡದ ಪಕಾರವನ್ನೂ ಫಕಾರವನ್ನೂ ನುಡಿದು ನೋಡಿರಿ. ಎರಡರಲ್ಲೂ ತುಟಿಗಳು ಮುಚ್ಚಿ ತೆರೆಯುತ್ತವೆ. ಎರಡನೆಯದರಲ್ಲಿ ಗಾಳಿಯು ರಭಸದಿಂದ ಕೈಗೆ ತಾಗುತ್ತದೆ. ಇಂಗ್ಲಿಷಿನ ಧ್ವನಿ ಬೇರೆಯದು. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿಯನ್ನು ಎಡೆಬಿಡದೆ ಉಜ್ಜಿ ಹೊರಡಿಸುವುದು. ಹಳ್ಳಿಯ ಹುಡುಗನು ತುಟಿ ಮುಚ್ಚಿ ಫೋನ್ ಎಂದರೆ ಪಟ್ಟಣದವನು ನಗುತ್ತಾನೆ. ಆದರೆ ಪ್ರಾಚೀನ ಗ್ರೀಕರು ಈ ಶಬ್ದವನ್ನು ನುಡಿಯುತ್ತಿದ್ದುದು ನಮ್ಮ ಮಹಾಪ್ರಾಣ ಫಕಾರದಿಂದಲೇ! ಹಲ್ಲು ತಾಗಿಸುವ ಉಚ್ಚಾರವು ಅವರ ಭಾಷೆಯಲ್ಲಿ ಶತಮಾನಗಳ ತರುವಾಯ ಬಂದುದು. ಇಷ್ಟು ಮಾತ್ರವಲ್ಲ; ಇಂಗ್ಲಿಷಿನ ಆ ಉಜ್ಜುದನಿಯ ಶಕ್ತಿಯಲ್ಲಿ ಬಹುಭಾಗ ಎತ್ತರದ ಆವೃತ್ತಿಗಳಲ್ಲಿ ಹರಡಿರುತ್ತದೆ. ಹಳೆಯ ದೂರವಾಣಿಯ ತಂತಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ. ಆದುದರಿಂದಲೇ ಅದರಲ್ಲಿ ಈ ಧ್ವನಿಗೂ ಸಕಾರಕ್ಕೂ ಭೇದ ತಿಳಿಯದೆ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ತನ್ನ ಹೆಸರಿನ ಮೊದಲಕ್ಷರವನ್ನೇ ಫೋನು ಸರಿಯಾಗಿ ಸಾಗಿಸಲಾರದೆ ಇದ್ದಿತು. ಹಳ್ಳಿಯ ಹುಡುಗನನ್ನು ಮಾತ್ರ ನಾವು ಕ್ಷಮಿಸಲಿಲ್ಲ.

ಹಾಗಾದರೆ ಯಾರು ಹೇಗೆ ಉಚ್ಚರಿಸಿದರೂ ಸರಿಯೆ? ಅಲ್ಲ. ವಿಜ್ಞಾನದಲ್ಲಿ ಶಬ್ದವು ಒಂದು ಉಪಕರಣ. ಅದರ ಅಂಚು ಮೊಂಡಾದರೆ ಅರ್ಥ ಕೆಡುತ್ತದೆ. ಉಚ್ಚಾರದಿಂದ ಅರ್ಥವೇ ಬದಲಾಗುವ ಕಡೆ ನಾವು ಕಟ್ಟುನಿಟ್ಟಾಗಿರಬೇಕು. ಧ್ವನಿಯ ಗಟ್ಟಿತನವನ್ನು ಅಳೆಯಲು ಫೊನ್ ಎಂಬ ಮಾನವುಂಟು; 1000 ಹರ್ಟ್ಸ್ ಆವೃತ್ತಿಯಲ್ಲಿ ಅದು ಡೆಸಿಬೆಲ್ಲಿನ ಅಂಕಿಗೆ ಸಮನಾಗಿರುತ್ತದೆ. ಇದನ್ನು ದೀರ್ಘವಾಗಿ ಫೋನ್ ಎಂದು ಬರೆದರೆ ‘ನಲವತ್ತು ಫೋನ್’ ಎಂಬುದು ಅಂಗಡಿಯ ಸರಕಿನ ಲೆಕ್ಕವಾಗಿಬಿಡುತ್ತದೆ. ಇಲ್ಲಿ ಕನ್ನಡದ ಹ್ರಸ್ವ ದೀರ್ಘಗಳು ನಮ್ಮನ್ನು ಕಾಯುತ್ತವೆ. ಡೆಸಿಬೆಲ್ ಎಂಬುದನ್ನು ಹಲವರು ಡೆಸಿಬಲ್ ಎನ್ನುತ್ತಾರೆ. ದೂರವಾಣಿಯ ಅಲೆಗ್ಸಾಂಡರ್ ಗ್ರಹಾಮ್ ಬೆಲ್ಲನ ಗೌರವಾರ್ಥವಾಗಿ ಬೆಲ್ ಎಂಬ ಮಾನ ಹುಟ್ಟಿತು. ಅದರ ಹತ್ತನೆಯ ಒಂದು ಪಾಲು ಡೆಸಿಬೆಲ್. ‘ಬಲ್’ ಎಂದೊಡನೆ ಬೆಲ್ಲನೂ ಮರೆಯಾಗುತ್ತಾನೆ, ಹತ್ತನೆಯ ಪಾಲೆಂಬ ನೆನಪೂ ಮರೆಯಾಗುತ್ತದೆ. ಹತ್ತು ಡೆಸಿಬೆಲ್ ಏರಿದರೆ ಧ್ವನಿಯ ತೀವ್ರತೆ ಹತ್ತರಷ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರರಷ್ಟಾಗುತ್ತದೆ ಎಂಬ ಲೆಕ್ಕವು ಶಬ್ದದ ರಚನೆ ತಿಳಿದವನ ಮನಸ್ಸಿನಲ್ಲಿ ಸುಲಭವಾಗಿ ನಿಲ್ಲುತ್ತದೆ. ಹಾಗೆಯೇ ಹರ್ಟ್ಸ್ ಎಂಬುದನ್ನು ಹೆರ್ಟ್ಸ್ ಎಂದರೂ ನಾವು ಜಗಳವಾಡೆವು. ಆದರೆ ಹರ್ಟ್ಜ್ ಎಂಬ ಉಚ್ಚಾರವು ಜರ್ಮನರದೂ ಅಲ್ಲ, ಇಂಗ್ಲಿಷರದೂ ಅಲ್ಲ. ಕೇವಲ ಕಾಗುಣಿತವನ್ನು ನೋಡಿ ನಾವು ಕಟ್ಟಿದ್ದು. ಅದನ್ನು ಬಿಡುವುದು ಒಳ್ಳೆಯದು.

ದಾರಿ ಯಾವುದೆಂಬುದಕ್ಕೆ ನಮ್ಮ ಹಿರಿಯರೇ ಮಾದರಿ ಇಟ್ಟಿದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸಂಸ್ಕೃತದಿಂದ ಕನ್ನಡಕ್ಕೆ ಬರುವ ಶಬ್ದಗಳು ಹೇಗೆ ರೂಪಾಂತರ ಹೊಂದುತ್ತವೆಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಕಾವ್ಯವೂ ಉಳಿಯಿತು, ಕಬ್ಬವೂ ಬಳಕೆಗೆ ಬಂದಿತು. ಯಾತ್ರೆಯೂ ಉಂಟು, ಜಾತ್ರೆಯೂ ಉಂಟು. ತತ್ಸಮ ತದ್ಭವಗಳೆರಡಕ್ಕೂ ಭಾಷೆಯಲ್ಲಿ ಸ್ಥಾನ ದೊರೆಯಿತು. ಅದೇ ವಿವೇಕವನ್ನು ವಿಜ್ಞಾನದ ಶಬ್ದಗಳಿಗೂ ಅನ್ವಯಿಸಬಾರದೇಕೆ? ನಮ್ಮ ಸಲಹೆ ಇಂತಿದೆ.

ಮೊದಲನೆಯದಾಗಿ, ವ್ಯಕ್ತಿಗಳ ಹೆಸರುಗಳೂ ಅವುಗಳಿಂದ ಹುಟ್ಟಿದ ಮಾನಗಳೂ ತತ್ಸಮಗಳಂತಿರಲಿ. ಕನ್ನಡದ ಅಕ್ಷರಗಳು ಒಪ್ಪುವಷ್ಟರ ಮಟ್ಟಿಗೆ ಆ ವ್ಯಕ್ತಿಯ ತಾಯ್ನುಡಿಯ ಉಚ್ಚಾರವನ್ನು ಅನುಸರಿಸೋಣ: ಡೊಪ್ಲರ್, ಫೂರ್ಯೇ, ಹರ್ಟ್ಸ್, ಡೆಸಿಬೆಲ್. ಅದು ಮೃತನಾದ ವಿಜ್ಞಾನಿಗೆ ಸಲ್ಲಿಸುವ ಮರ್ಯಾದೆ. ಎರಡನೆಯದಾಗಿ, ಬೀದಿಗಿಳಿದ ಉಪಕರಣಗಳ ಹೆಸರುಗಳು ತದ್ಭವಗಳಾಗಲಿ. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರ ಮುಂದೆ ಇಡುವುದು ‘ಮೈಕು’. ಅದನ್ನು ಮೈಕ್ರೋಫೋನ್ ಎಂದು ತಿದ್ದಲು ಹೋಗುವುದು ವ್ಯರ್ಥ. ವ್ಯಂಜನದಲ್ಲಿ ಮುಗಿಯುವ ಶಬ್ದಕ್ಕೆ ಉಕಾರ ಹಚ್ಚುವುದು ಕನ್ನಡದ ಜಾಯಮಾನ. ಗಡಸುದನಿಯ ವೂಫರನ್ನು ಬಾಡಿಗೆಯ ಅಂಗಡಿಯಲ್ಲಿ ಊಫರ್ ಎಂದರೂ ಬಾಧಕವಿಲ್ಲ. ಅದು ನಾಯಿಯ ಬೊಗಳಿನಿಂದಲೂ, ಸಣ್ಣ ದನಿಯ ಟ್ವೀಟರ್ ಹಕ್ಕಿಯ ಚಿಲಿಪಿಲಿಯಿಂದಲೂ ಹುಟ್ಟಿದ ಅನುಕರಣ ಶಬ್ದಗಳು. ನಾಯಿಯ ಬೊಗಳನ್ನು ಒಂದೊಂದು ದೇಶದವರು ಒಂದೊಂದು ಬಗೆಯಾಗಿ ಅನುಕರಿಸುವುದು ಸಹಜವೇ ಸರಿ.

ಮೂರನೆಯದಾಗಿ, ಗುಣಗಳನ್ನೂ ಕ್ರಿಯೆಗಳನ್ನೂ ಹೇಳುವ ಶಬ್ದಗಳಿಗೆ ಕನ್ನಡವನ್ನೇ ಮುಂದಿಡೋಣ. ಆವೃತ್ತಿ, ಪ್ರತಿಧ್ವನಿ, ಶ್ರುತಿ ಎಂಬ ಮಾತುಗಳು ನಮಗಿವೆ. ಟ್ಯಾಂಬರ್ ಎಂದು ತಡವರಿಸುವುದಕ್ಕಿಂತ ನಾದಗುಣ ಎನ್ನಬಹುದು. ಅದರ ವಿಚಾರವನ್ನು ಹೇಳಲು ನಮಗೆ ಪರದೇಶಕ್ಕೆ ಹೋಗುವ ಕಾರಣವೂ ಇಲ್ಲ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರದ ಪೂರ್ಣಾಂಕದ ಗುಣಕಗಳಾಗಿರುವುದಿಲ್ಲ. ಆದರೆ ನಡುವೆ ಕರಣೆ ಹಚ್ಚಿದ ಮೃದಂಗದಲ್ಲಿ ಅವು ಬಹುಮಟ್ಟಿಗೆ ಹಾಗೆ ಹೊಂದಿಕೊಂಡು ಬರುವುದರಿಂದ ಅದರ ನಾದ ಇಂಪಾಗುತ್ತದೆ. ಇದನ್ನು 1920ರಲ್ಲಿಯೂ ಮತ್ತೆ 1934ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದವರು ಸರ್ ಸಿ. ವಿ. ರಾಮನ್. ಹೊನ್ನಾವರ ತಾಲ್ಲೂಕಿನ ಕೆರೆಮನೆಯವರ ಆಟದಲ್ಲಿ ಮದ್ದಲೆಯನ್ನೂ ಚಂಡೆಯನ್ನೂ ಒಟ್ಟಿಗೆ ಕೇಳಿದ ಹುಡುಗನಿಗೆ ನಾದಗುಣವೆಂದರೇನೆಂದು ಪುಸ್ತಕ ಬರುವ ಮೊದಲೇ ಗೊತ್ತು. ಹೆಸರನ್ನು ಮಾತ್ರ ನಾವು ಕೊಡಬೇಕು. ಕನ್ನಡ ನಾಡಿನಲ್ಲಿ ಇಂತಹ ಹೆಸರಿಡುವ ಕೆಲಸ ಹೊಸತೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಿದ್ದಿತು; ಅದೇ ಹೆಸರನ್ನು ಮುಂದೆ ಅಖಿಲ ಭಾರತವೂ ಒಪ್ಪಿತು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಅಲ್ಲಗಳೆಯತಕ್ಕದ್ದಲ್ಲ. “ನಮ್ಮ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದಾಗ ಅಲ್ಲಿ ನಡೆಯುವುದು ಇಂಗ್ಲಿಷರ ಉಚ್ಚಾರವೇ. ನೀವು ಕಲಿಸುವ ಫೂರ್ಯೇ, ಮಾಖ್‌ಗಳಿಂದ ಸಂದರ್ಶನದಲ್ಲಿ ಅವರಿಗೆ ತೊಂದರೆಯಾಗದೆ?” ಎಂದು ಕೆಲವರು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಮಾತು ನಿಜ. ಆದುದರಿಂದ ಅಧ್ಯಾಪಕರು ಹೊಸ ಹೆಸರನ್ನು ಮೊದಲ ಸಲ ಹೇಳುವಾಗ ಮೂಲದ ಉಚ್ಚಾರವನ್ನೂ ಇಂಗ್ಲಿಷಿನ ಉಚ್ಚಾರವನ್ನೂ ಎರಡೆರಡು ಸಲ ಗಟ್ಟಿಯಾಗಿ ನುಡಿದು, ವಿದ್ಯಾರ್ಥಿಗಳಿಂದಲೂ ನುಡಿಸಬೇಕು. ಇದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಮನೆಯಲ್ಲಿ ಒಂದು ಬಗೆ, ಪೇಟೆಯಲ್ಲಿ ಒಂದು ಬಗೆ ಮಾತಾಡುವುದು ನಮ್ಮ ಕರಾವಳಿಯ ಮಕ್ಕಳಿಗೆ ಬಾಲ್ಯದಿಂದಲೂ ಅಭ್ಯಾಸವಾಗಿದೆ. ಎರಡು ಉಚ್ಚಾರ ಅವರಿಗೆ ಭಾರವಾಗದು. ಇನ್ನು ಎಲ್ಲ ದೇಶಗಳಿಗೂ ಸಾಮಾನ್ಯವಾಗಿರುವುದು ಉಚ್ಚಾರವಲ್ಲ, ಸಂಕೇತ. 1960ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿ ಅಂಗೀಕೃತವಾದಂದಿನಿಂದ ಹರ್ಟ್ಸ್‌ಗೆ ಎಲ್ಲೆಡೆ ಒಂದೇ ಸಂಕೇತ. ಅದರಲ್ಲಿ ಎಚ್ ದೊಡ್ಡಕ್ಷರ, ಜೆಡ್ ಸಣ್ಣಕ್ಷರ. ಡೆಸಿಬೆಲ್ಲಿನ ಸಂಕೇತದಲ್ಲಿ ಡಿ ಸಣ್ಣದು, ಬೆಲ್ಲನ ಹೆಸರಿನ ಬಿ ದೊಡ್ಡದು. ಇದನ್ನು ತಪ್ಪಿ ಬರೆದ ವಿದ್ಯಾರ್ಥಿಯನ್ನು ಅಗತ್ಯವಾಗಿ ತಿದ್ದೋಣ.

ತಿದ್ದುವುದಕ್ಕೂ ನಗುವುದಕ್ಕೂ ಇರುವ ಅಂತರವನ್ನು ಅಧ್ಯಾಪಕರಾದ ನಾವು ಮರೆಯಬಾರದು. 1845ರಲ್ಲಿ ಹಾಲೆಂಡಿನ ಬೈಸ್ ಬಾಲೋಟ್ ಎಂಬವನು ಡೊಪ್ಲರನ ಸಿದ್ಧಾಂತವನ್ನು ಪರೀಕ್ಷಿಸಲು ರೈಲುಬಂಡಿಯಲ್ಲಿ ತುತೂರಿಯವರನ್ನು ಕುಳ್ಳಿರಿಸಿ, ಹಳಿಯ ಪಕ್ಕದಲ್ಲಿ ಕಿವಿ ಪಳಗಿದ ಸಂಗೀತಗಾರರನ್ನು ನಿಲ್ಲಿಸಿದನು. ಅವರಿಗೆ ಬೇಕಾಗಿದ್ದುದು ಕೇಳುವ ಕಿವಿ. ಇಂದು ಹೊನ್ನಾವರದಲ್ಲಿ ಶರಾವತಿಯ ಸೇತುವೆಯನ್ನು ದಾಟಿ ಬರುವ ರೈಲಿನ ಸಿಳ್ಳು ಹತ್ತಿರವಾಗುವಾಗ ಏರಿ, ದಾಟಿ ಹೋಗುವಾಗ ಇಳಿಯುವುದನ್ನು ಗಮನಿಸಿ, “ಇದೇಕೆ ಹೀಗೆ?” ಎಂದು ಕೇಳುವ ಹುಡುಗನಿಗೆ ಆ ಕಿವಿ ಇದೆ. ಅವನು ಡಾಪ್ಲರ್ ಎಂದನೋ ಡೊಪ್ಲರ್ ಎಂದನೋ ಎಂಬುದು ಆಮೇಲಿನ ಮಾತು. ಮೊದಲು ಅವನ ಪ್ರಶ್ನೆಗೆ ಉತ್ತರ ಹೇಳೋಣ. ಉತ್ತರ ಹೇಳುವಾಗ ನಮ್ಮ ಬಾಯಿಂದ ಸರಿಯಾದ ಉಚ್ಚಾರ ಬಂದರೆ ಅವನು ತಾನಾಗಿ ಅದನ್ನು ಹಿಡಿದುಕೊಳ್ಳುತ್ತಾನೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪುಸ್ತಕದಲ್ಲಿ ಕಂಡ ಹೊಸ ಶಬ್ದವನ್ನು ಉಚ್ಚರಿಸಲು ಹೆದರಿ ನುಂಗಿಕೊಳ್ಳಬೇಡಿರಿ. ತಿಳಿದಂತೆ ಗಟ್ಟಿಯಾಗಿ ನುಡಿಯಿರಿ. ತಪ್ಪಿದ್ದರೆ ಕೇಳಿ ತಿದ್ದಿಕೊಳ್ಳಿರಿ. ನಮ್ಮ ತರಗತಿಯಲ್ಲಿ ಅಂದು ಎದ್ದು ನಿಂತ ಹುಡುಗನು ಈಗ ಎಲ್ಲಿದ್ದಾನೋ ನಾವು ಅರಿಯೆವು. ಈ ಲೇಖನ ಅವನ ಕಣ್ಣಿಗೆ ಬಿದ್ದರೆ, ಅವನ ಉತ್ತರ ಸರಿಯಾಗಿದ್ದಿತೆಂದು ಇಷ್ಟು ತಡವಾಗಿಯಾದರೂ ನಾವು ಹೇಳಬಯಸುತ್ತೇವೆ.